ಕೊಲ್ಲದ ಗುಂಡು ಕೊಂದಾಗ

‘ಹೊಡೆದದ್ದು ನಿಜ, ಆದರೆ ಕೊಲ್ಲುವ ಉದ್ದೇಶವಿರಲಿಲ್ಲ’ ಎನ್ನುವವನ ಹೊಣೆ ಎಲ್ಲಿಗೆ ಮುಗಿಯುತ್ತದೆ? ಈ ಪ್ರಶ್ನೆ ಬಹಳ ಹಳೆಯದು. ಹೊಡೆದದ್ದು ಒಂದು ಸರಕಾರ, ಹೊಡೆದ ಆಯುಧಕ್ಕೆ ‘ಕೊಲ್ಲದ ಆಯುಧ’ ಎಂದೇ ಹೆಸರು ಎಂದಾದಾಗ ಅದು ಇನ್ನಷ್ಟು ಗಂಭೀರವಾಗುತ್ತದೆ. ಉತ್ತರ ಐರ್ಲೆಂಡಿನ ಪ್ಲಾಸ್ಟಿಕ್ ಗುಂಡುಗಳ ಇತಿಹಾಸ ಈ ಕುರಿತು ಚಿಂತಿಸುವಂತೆ ಮಾಡುತ್ತದೆ.

ಬ್ರಿಟನಿನ ಆಡಳಿತದಲ್ಲಿರುವ ಆ ನಾಡಿನಲ್ಲಿ 1960ರ ದಶಕದ ಕೊನೆಯಿಂದ ಸುಮಾರು ಮೂವತ್ತು ವರ್ಷ ರಕ್ತಪಾತ ನಡೆಯಿತು. ಕ್ಯಾಥೊಲಿಕರಲ್ಲಿ ಹೆಚ್ಚಿನವರು ಐರ್ಲೆಂಡಿನೊಂದಿಗೆ ಸೇರಬೇಕೆನ್ನುವವರು. ಪ್ರೊಟೆಸ್ಟಂಟರಲ್ಲಿ ಹೆಚ್ಚಿನವರು ಬ್ರಿಟನಿನಲ್ಲೇ ಉಳಿಯಬೇಕೆನ್ನುವವರು. ಗಲಭೆ ಹತ್ತಿಕ್ಕಲು ಸೈನ್ಯವು 1970ರಲ್ಲಿ ರಬ್ಬರ್ ಗುಂಡನ್ನು, 1973ರಲ್ಲಿ ಪ್ಲಾಸ್ಟಿಕ್ ಗುಂಡನ್ನು ತಂದಿತು. ಇದು ಸುಮಾರು 10 ಸೆಂಟಿಮೀಟರ್ ಉದ್ದದ, 135 ಗ್ರಾಂ ತೂಕದ ಗಟ್ಟಿ ತುಂಡು. 20 ಮೀಟರಿಗಿಂತ ಹತ್ತಿರದಿಂದ ಹಾರಿಸಬಾರದು, ದೇಹದ ಕೆಳಭಾಗಕ್ಕೇ ಗುರಿಯಿಡಬೇಕು ಎಂಬ ನಿಯಮವೂ ಇತ್ತು.

ನಿಯಮ ಕಾಗದದಲ್ಲಿತ್ತು, ಬೀದಿಯಲ್ಲಿ ನಡೆದದ್ದೇ ಬೇರೆ. 1971ರ ನವೆಂಬರಿನಲ್ಲಿ ಬೆಲ್‌ಫಾಸ್ಟ್ ನಗರದ ಎಮ್ಮಾ ಗ್ರೋವ್ಸ್ ಎಂಬ ಹನ್ನೊಂದು ಮಕ್ಕಳ ತಾಯಿ ತನ್ನ ಮನೆಯ ಕಿಟಕಿಯ ಬಳಿ ನಿಂತಿದ್ದರು. ಸೈನಿಕನೊಬ್ಬ ಹಾರಿಸಿದ ರಬ್ಬರ್ ಗುಂಡು ಅವರ ಎರಡೂ ಕಣ್ಣುಗಳನ್ನು ಕಿತ್ತುಕೊಂಡಿತು. 1981ರಲ್ಲಿ ಕೈದಿಗಳ ಉಪವಾಸ ಸತ್ಯಾಗ್ರಹದಿಂದ ನಾಡು ಕುದಿಯುತ್ತಿದ್ದಾಗ ಒಂದೇ ವರ್ಷದಲ್ಲಿ ಸುಮಾರು 30,000 ಪ್ಲಾಸ್ಟಿಕ್ ಗುಂಡುಗಳು ಹಾರಿದವು. 7 ಮಂದಿ ಸತ್ತರು. ಅವರಲ್ಲಿ ಅಂಗಡಿಯಿಂದ ಹಾಲು ತರುತ್ತಿದ್ದ 12 ವರ್ಷದ ಬಾಲಕಿಯೂ ಇದ್ದಳು, ಮೂರು ಮಕ್ಕಳ ತಾಯಿಯೂ ಇದ್ದಳು. ಆ ತಾಯಿಯ ಸಾವಿನ ಬಗ್ಗೆ ಪೊಲೀಸರು ಹೇಳಿದ್ದು ಸುಳ್ಳೆಂಬುದನ್ನು ಕೆನಡಾದ ಟಿ.ವಿ. ತಂಡದ ಚಿತ್ರೀಕರಣ ತೋರಿಸಿಕೊಟ್ಟಿತು. 1989ರ ಹೊತ್ತಿಗೆ ಈ ಎರಡು ಬಗೆಯ ಗುಂಡುಗಳಿಗೆ ಬಲಿಯಾದವರು 17 ಮಂದಿ. ಅವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು. ಈ ಸಾವುಗಳಿಗಾಗಿ ಶಿಕ್ಷೆ ಅನುಭವಿಸಿದವರು ಒಬ್ಬರೂ ಇಲ್ಲ.

ಇಲ್ಲಿ ಎದುರು ಪಕ್ಷದ ಮಾತನ್ನೂ ನ್ಯಾಯವಾಗಿ ಕೇಳಬೇಕು. ಅಲ್ಲಿ ಸೈನಿಕರ, ಪೊಲೀಸರ ಮೇಲೆ ಕಲ್ಲು, ಪೆಟ್ರೋಲ್ ಬಾಂಬುಗಳು ಬೀಳುತ್ತಿದ್ದವು; ನೂರಾರು ಮಂದಿ ಯೋಧರು, ಪೊಲೀಸರು ಕೊಲ್ಲಲ್ಪಟ್ಟರು. ಪ್ಲಾಸ್ಟಿಕ್ ಗುಂಡು ಬೇಡವೆಂದರೆ ಸೀಸದ ಗುಂಡೇ ಗತಿ ಎಂದು ಅಧಿಕಾರಿಗಳು ವಾದಿಸಿದರು. ಈ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅದರ ಪರಿಣಾಮವನ್ನು ನೋಡಿ: ಸೀಸದ ಗುಂಡು ಹಾರಿಸುವವನು ಒಂದು ಸಲವಾದರೂ ಯೋಚಿಸುತ್ತಾನೆ. ‘ಇದು ಕೊಲ್ಲುವುದಿಲ್ಲ’ ಎಂದು ನಂಬಿದವನು ಯೋಚಿಸದೆ ಹಾರಿಸುತ್ತಾನೆ. ಹೆಸರಿನ ಮೃದುತ್ವ ಕೈಯ ಹಿಡಿತವನ್ನು ಸಡಿಲಿಸುತ್ತದೆ. ಅಪಾಯವಿರುವುದು ಅಲ್ಲಿಯೇ.

ನಮ್ಮ ಕರ್ಮಶಾಸ್ತ್ರ ವಿದ್ವಾಂಸರು ಈ ವಿಷಯವನ್ನು ಶತಮಾನಗಳ ಹಿಂದೆಯೇ ಸೂಕ್ಷ್ಮವಾಗಿ ವಿವೇಚಿಸಿದ್ದಾರೆ. ಉದ್ದೇಶಪೂರ್ವಕ ಕೊಲೆ ಮತ್ತು ಪ್ರಮಾದದ ಕೊಲೆಗಳ ನಡುವೆ ಹನಫೀ, ಶಾಫಿಈ ವಿದ್ವಾಂಸರು ‘ಶಿಬ್‌ಹುಲ್ ಅಮ್ದ್’ ಎಂಬ ಮೂರನೆಯ ಬಗೆಯನ್ನು ಗುರುತಿಸಿದರು. ಸಾಮಾನ್ಯವಾಗಿ ಸಾವು ತರದ ಕೋಲು, ಚಾಟಿಯಂಥ ವಸ್ತುವಿನಿಂದ ಬೇಕೆಂದೇ ಹೊಡೆದು, ಪೆಟ್ಟು ತಿಂದವನು ಸತ್ತರೆ ಅದು ಈ ಬಗೆಗೆ ಸೇರುತ್ತದೆ. ಅದಕ್ಕೆ ಪ್ರತೀಕಾರದ ಮರಣದಂಡನೆ ಇಲ್ಲ. ಆದರೆ ಭಾರವಾದ ರಕ್ತಪರಿಹಾರವಿದೆ. ಶಾಫಿಈ ವಿದ್ವಾಂಸರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕೋಲು ಹಗುರವಾದರೂ ಪೆಟ್ಟು ಮರ್ಮಸ್ಥಾನಕ್ಕೆ ಬಿದ್ದಿದ್ದರೆ, ಹೊಡೆಸಿಕೊಂಡವನು ಮಗುವೋ ದುರ್ಬಲನೋ ಆಗಿದ್ದರೆ, ‘ಕೋಲು ಕೊಲ್ಲುವುದಿಲ್ಲ’ ಎಂಬ ನೆಪ ನಿಲ್ಲದು ಎಂದರು. ಬೆಲ್‌ಫಾಸ್ಟಿನಲ್ಲಿ ಪೆಟ್ಟು ಬಿದ್ದದ್ದು ಹೆಚ್ಚಾಗಿ ತಲೆಗೆ, ಎದೆಗೆ. ಸತ್ತವರಲ್ಲಿ ಎಷ್ಟೋ ಮಂದಿ ಮಕ್ಕಳು. ಮಸೀದಿಯಲ್ಲಿ, ಸಂತೆಯಲ್ಲಿ ಬಾಣ ಹಿಡಿದು ಹೋಗುವವನು ಅದರ ಮೊನೆಯನ್ನು ಕೈಯಲ್ಲಿ ಮುಚ್ಚಿಕೊಳ್ಳಬೇಕೆಂದು ಪ್ರವಾದಿ(ಸ) ಆಜ್ಞಾಪಿಸಿದ್ದಾರೆ. ಆ ಮನುಷ್ಯನಿಗೆ ಯಾರನ್ನೂ ನೋಯಿಸುವ ಉದ್ದೇಶವಿರುವುದಿಲ್ಲ. ಆದರೂ ಎಚ್ಚರದ ಹೊಣೆ ಆಯುಧ ಹಿಡಿದವನದೇ ಹೊರತು ದಾರಿಯಲ್ಲಿ ಹೋಗುವವನದಲ್ಲ.

ಜಗತ್ತಿನ ಮನಸ್ಸಾಕ್ಷಿಯೂ ನಿಧಾನವಾಗಿ ಇತ್ತಲೇ ಸಾಗಿತು. 1982ರಲ್ಲಿ ಯುರೋಪಿಯನ್ ಪಾರ್ಲಿಮೆಂಟು ಪ್ಲಾಸ್ಟಿಕ್ ಗುಂಡಿನ ನಿಷೇಧಕ್ಕೆ ಮತ ನೀಡಿತು. 1984ರಲ್ಲಿ ಕಣ್ಣು ಕಳೆದುಕೊಂಡ ಎಮ್ಮಾ ಗ್ರೋವ್ಸ್, ಕ್ಲಾರಾ ರೈಲಿಯೊಂದಿಗೆ ಸೇರಿ ಈ ಗುಂಡಿನ ವಿರುದ್ಧ ಸಂಘಟನೆ ಕಟ್ಟಿದರು. ಅದೇ ವರ್ಷ ಯುರೋಪಿನ ಮಾನವ ಹಕ್ಕುಗಳ ಆಯೋಗವು, 1976ರಲ್ಲಿ ಸತ್ತ 13 ವರ್ಷದ ಬಾಲಕನ ತಾಯಿಯ ದೂರನ್ನು ತಳ್ಳಿಹಾಕಿತು. ಆದರೆ ಉದ್ದೇಶವಿಲ್ಲದೆ ಪ್ರಾಣ ಹೋದರೂ ಬಲಪ್ರಯೋಗ ಸರಿಯೇ ಎಂದು ಪರಿಶೀಲಿಸಲೇಬೇಕು ಎಂಬ ತತ್ವವನ್ನು ಆ ತೀರ್ಮಾನದಲ್ಲೇ ಒಪ್ಪಿಕೊಂಡಿತು. 1998ರಲ್ಲಿ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಸಮಿತಿ, ಗಲಭೆ ನಿಯಂತ್ರಣಕ್ಕೆ ಈ ಗುಂಡುಗಳ ಬಳಕೆಯನ್ನು ರದ್ದುಪಡಿಸುವಂತೆ ಬ್ರಿಟನಿಗೆ ಸೂಚಿಸಿತು. 2005ರಲ್ಲಿ ಬ್ರಿಟನ್ ಹಳೆಯ ಗುಂಡಿನ ಬದಲು, ಪೆಟ್ಟು ತಗ್ಗಿಸುವ ತುದಿಯುಳ್ಳ ಹೊಸ ಗುಂಡನ್ನು ತಂದಿತು. ಗುಂಡು ಬದಲಾಯಿತು, ಪ್ರಶ್ನೆ ಉಳಿಯಿತು.

ಅವರು ನಮ್ಮವರಲ್ಲ, ದೂರದ ಕ್ರೈಸ್ತರು, ನಮಗೇಕೆ ಈ ಚಿಂತೆ ಎಂದು ಯಾರಾದರೂ ಕೇಳಬಹುದು. ಸತ್ತವರಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಕ್ಯಾಥೊಲಿಕರು ಎಂಬುದೂ ನಿಜ. ಆದರೆ ಸತ್ತವನ ಹೆಸರು ಕೇಳಿ ಎಚ್ಚರಗೊಳ್ಳುವ ಮನಸ್ಸಾಕ್ಷಿ ನ್ಯಾಯದ್ದಲ್ಲ, ಪಕ್ಷಪಾತದ್ದು. ಒಂದು ಜನಾಂಗದ ಮೇಲಿನ ಮುನಿಸೂ ನಮ್ಮನ್ನು ನ್ಯಾಯದಿಂದ ಕದಲಿಸಬಾರದು ಎಂಬುದು ಕುರ್‌ಆನಿನ ಬೋಧನೆ. ನಮ್ಮವರ ಕಣ್ಣಿಗಾಗಿ ಅಳುವ ನಾವು ಎಮ್ಮಾ ಗ್ರೋವ್ಸ್‌ರ ಕಣ್ಣಿಗಾಗಿಯೂ ಅಳಬಲ್ಲೆವೇ? ನಮ್ಮ ನ್ಯಾಯಪ್ರಜ್ಞೆಗೆ ಇದೇ ಪರೀಕ್ಷೆ.

ಅಧಿಕಾರವೆಂಬುದು ಸೈನ್ಯದ ಕೈಯಲ್ಲಿ ಮಾತ್ರ ಇಲ್ಲ. ತರಗತಿಯಲ್ಲಿ ಉಸ್ತಾದರ ಕೈಯಲ್ಲಿ ಬೆತ್ತವಿದೆ. ಮನೆಯಲ್ಲಿ ತಂದೆಯ ಕೈಯಿದೆ. ‘ಮೆಲ್ಲಗೆ ಹೊಡೆದೆ ಅಷ್ಟೆ’ ಎನ್ನುವ ಮಾತು ನಮ್ಮ ಬಾಯಲ್ಲೂ ಸುಲಭವಾಗಿ ಬರುತ್ತದೆ. ಪೆಟ್ಟು ಎಷ್ಟು ಮೆಲ್ಲಗಿತ್ತೆಂದು ಹೇಳಬೇಕಾದವನು ಹೊಡೆದವನಲ್ಲ, ಹೊಡೆಸಿಕೊಂಡವನು. ನಾಳೆ ಅಲ್ಲಾಹನ ಮುಂದೆ ಸಾಕ್ಷಿ ನುಡಿಯುವವನೂ ಅವನೇ.