ಆಟಕ್ಕುಂಟು, ಲೆಕ್ಕಕ್ಕಿಲ್ಲ

ಗಲ್ಲಿ ಕ್ರಿಕೆಟ್ಟಿನಲ್ಲಿ ಚಿಕ್ಕ ಮಕ್ಕಳು ಸೇರಿಸಿಕೊಳ್ಳಿ ಅಂತ ಹಟ ಹಿಡಿದರೆ ದೊಡ್ಡ ಹುಡುಗರ ಹತ್ತಿರ ಒಂದು ಉಪಾಯ ಇರುತ್ತೆ: ‘ಬಾ, ನೀನು ಆಟಕ್ಕುಂಟು ಲೆಕ್ಕಕ್ಕಿಲ್ಲ.’ ಆ ಮಗು ಓಡುತ್ತೆ, ಬೀಳುತ್ತೆ, ಮಂಡಿ ತರಚಿಕೊಳ್ಳುತ್ತೆ. ಹೊಡೆದ ರನ್ನು ಮಾತ್ರ ಯಾರ ಖಾತೆಗೂ ಹೋಗಲ್ಲ. ಇದು ಗೊತ್ತಾಗೋವರೆಗೂ ಎಲ್ಲ ಚೆನ್ನಾಗಿರುತ್ತೆ.

ಮಕ್ಕಳ ವಿಷಯ ಬಿಡಿ. 2008ರ ಜನವರಿ 29ರಂದು ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 17 ಲಕ್ಷಕ್ಕೂ ಹೆಚ್ಚು ದೊಡ್ಡವರು ಹೀಗೆ ಆಟಕ್ಕುಂಟು, ಲೆಕ್ಕಕ್ಕಿಲ್ಲ ಆದರು. ಅದಕ್ಕೂ ಎರಡು ವಾರ ಮೊದಲು, ಜನವರಿ 15ರಂದು, ಮಿಷಿಗನ್ನಿನಲ್ಲಿ ಸುಮಾರು 6 ಲಕ್ಷ ಜನರಿಗೂ ಅದೇ ಗತಿ. ಎಲ್ಲರೂ ಡೆಮಾಕ್ರಟಿಕ್ ಪಕ್ಷದ ಪ್ರೈಮರಿಯಲ್ಲಿ ವೋಟು ಹಾಕಿದವರು. ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಅಭ್ಯರ್ಥಿ ಹಿಲರಿ ಕ್ಲಿಂಟನ್ನೋ ಬರಾಕ್ ಒಬಾಮಾನೋ ಎಂಬ ಜಿದ್ದಾಜಿದ್ದಿ ನಡೆಯುತ್ತಿದ್ದ ವರ್ಷ ಅದು. ಒಂದೊಂದು ವೋಟಿಗೂ ಬೆಲೆ ಇದ್ದ ಆ ವರ್ಷವೇ ಈ ಎರಡು ರಾಜ್ಯಗಳ ವೋಟಿಗೆ ಪಕ್ಷ ಸೊನ್ನೆ ಹಾಕಿತ್ತು.

ಪ್ರೈಮರಿ ಅನ್ನೋದು ನಮಗೆ ಸ್ವಲ್ಪ ವಿಚಿತ್ರ. ನಮ್ಮಲ್ಲಿ ಟಿಕೆಟ್ ಯಾರಿಗೆ ಅಂತ ಹೈಕಮಾಂಡ್ ತೀರ್ಮಾನಿಸುತ್ತೆ, ಬಿ ಫಾರಂ ಯಾರ ಕೈಗೆ ಬಂತು ಅಂತ ನಾವು ಟೀವಿಯಲ್ಲಿ ನೋಡಿ ತಿಳ್ಕೋತೀವಿ. ಅಲ್ಲಿ ಹಾಗಲ್ಲ. ಟಿಕೆಟ್ ಯಾರಿಗೆ ಅನ್ನೋದಕ್ಕೂ ಜನ ವೋಟು ಹಾಕ್ತಾರೆ. ಆ ವೋಟಿನ ಪ್ರಮಾಣಕ್ಕೆ ತಕ್ಕಂತೆ ಪ್ರತಿ ರಾಜ್ಯದಿಂದ ಡೆಲಿಗೇಟುಗಳು ಪಕ್ಷದ ಮಹಾ ಅಧಿವೇಶನಕ್ಕೆ ಹೋಗಿ ಅಭ್ಯರ್ಥಿಯನ್ನು ಆರಿಸ್ತಾರೆ. ಡೆಲಿಗೇಟುಗಳಿಗೆ ಅಧಿವೇಶನದಲ್ಲಿ ಕುರ್ಚಿ ಇಲ್ಲ ಅಂದರೆ ಆ ರಾಜ್ಯದ ವೋಟಿಗೆ ಅರ್ಥವೂ ಇಲ್ಲ.

ಕುರ್ಚಿ ಹೋಗಿದ್ದು ಹೇಗೆ? ಪಕ್ಷದ ರಾಷ್ಟ್ರೀಯ ಸಮಿತಿ ಒಂದು ನಿಯಮ ಮಾಡಿತ್ತು. ಅಯೋವಾ, ನ್ಯೂ ಹ್ಯಾಂಪ್‌ಶೈರ್, ನೆವಾಡಾ, ದಕ್ಷಿಣ ಕೆರೊಲಿನಾ, ಈ ನಾಲ್ಕು ಬಿಟ್ಟರೆ ಉಳಿದ ಯಾವ ರಾಜ್ಯವೂ ಫೆಬ್ರವರಿ 5ಕ್ಕಿಂತ ಮುಂಚೆ ಪ್ರೈಮರಿ ಇಟ್ಟುಕೊಳ್ಳುವ ಹಾಗಿಲ್ಲ. ಮೊದಲು ವೋಟು ಹಾಕಿದ ರಾಜ್ಯಕ್ಕೆ ಅಭ್ಯರ್ಥಿಗಳೂ ಕ್ಯಾಮೆರಾಗಳೂ ಮುಗಿಬೀಳುತ್ತವೆ. ಹಾಗಾಗಿ ಎಲ್ಲರಿಗೂ ಮೊದಲೇ ಮುಗಿಸೋ ಆಸೆ. ಕ್ಯೂ ಅಂದ ಮೇಲೆ ಯಾರಾದರೂ ಶಿಸ್ತು ಕಾಯಬೇಕಲ್ಲ? ಫ್ಲೋರಿಡಾ, ಮಿಷಿಗನ್ ಕ್ಯೂ ಮುರಿದವು. 2007ರ ಆಗಸ್ಟಿನಲ್ಲಿ ಫ್ಲೋರಿಡಾಕ್ಕೆ, ಡಿಸೆಂಬರಿನಲ್ಲಿ ಮಿಷಿಗನ್ನಿಗೆ ಶಿಕ್ಷೆಯಾಯಿತು. ನಿಯಮದ ಪುಸ್ತಕದಲ್ಲಿ ಇದ್ದದ್ದು ಅರ್ಧ ಡೆಲಿಗೇಟುಗಳ ಕಡಿತ. ಸಮಿತಿ ಪೂರ್ತಿ ಕಿತ್ತುಕೊಂಡಿತು. ಬೇರೆ ರಾಜ್ಯಗಳಿಗೆ ಬುದ್ಧಿ ಬರಲಿ ಅಂತ.

ಈಗ ಮೊದಲ ಪ್ರಶ್ನೆ. ಕ್ಯೂ ಮುರಿದವರು ಯಾರು? ಫ್ಲೋರಿಡಾದಲ್ಲಿ ದಿನಾಂಕ ಬದಲಿಸಿದ್ದು ಅಲ್ಲಿನ ಶಾಸನಸಭೆ. ಅಲ್ಲಿ ಬಹುಮತ ಇದ್ದದ್ದು ರಿಪಬ್ಲಿಕನ್ನರಿಗೆ, ಸಹಿ ಹಾಕಿದ ಗವರ್ನರ್ ಚಾರ್ಲಿ ಕ್ರಿಸ್ಟ್ ಕೂಡ ಆಗ ರಿಪಬ್ಲಿಕನ್. ವೋಟಿಂಗ್ ಯಂತ್ರಗಳಿಗೆ ಕಾಗದದ ದಾಖಲೆ ಬೇಕು ಅನ್ನುವ ಒಳ್ಳೆಯ ಅಂಶವೂ ಅದೇ ಮಸೂದೆಯಲ್ಲಿತ್ತು, ಡೆಮಾಕ್ರಟ್ ಶಾಸಕರೂ ಕೈಯೆತ್ತಿದರು. ಮಿಷಿಗನ್ನಿನಲ್ಲಿ ಡೆಮಾಕ್ರಟ್ ಗವರ್ನರ್ ಜೆನಿಫರ್ ಗ್ರಾನ್‌ಹೋಮ್ ಅವರೇ ಸಹಿ ಹಾಕಿದರು. ತಪ್ಪು ಯಾರದೇ ಇರಲಿ, ಮಯಾಮಿಯ ಯಾವುದೋ ಮತಗಟ್ಟೆಯಲ್ಲಿ ನಿಂತ ಅಜ್ಜಿಯದ್ದಂತೂ ಅಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಥೇಟ್ ಹಾಗೆ. ಸಂಸ್ಥೆಯ ತಪ್ಪಿಗೆ ಅದರೊಳಗಿನ ಪ್ರತಿಯೊಬ್ಬರನ್ನೂ ದಂಡಿಸಬಹುದಾ? ನೀತಿಶಾಸ್ತ್ರ ಇದನ್ನು ಸಾಮೂಹಿಕ ಶಿಕ್ಷೆ ಅಂತ ಕರೆಯುತ್ತೆ, ಯಾವ ನ್ಯಾಯಾಲಯಕ್ಕೂ ಅದು ಇಷ್ಟವಾಗೋ ಮಾತಲ್ಲ.

ಮೇಲಿಂದ, ಇದು ಫ್ಲೋರಿಡಾ. 2000ದಲ್ಲಿ ಬುಷ್ ಮತ್ತು ಅಲ್ ಗೋರ್ ನಡುವಿನ ಚುನಾವಣೆ ಬರೀ 537 ವೋಟಿನ ಅಂತರದಲ್ಲಿ ತೀರ್ಮಾನವಾದ ರಾಜ್ಯ. ಮರುಎಣಿಕೆಯನ್ನು ಸುಪ್ರೀಂ ಕೋರ್ಟು ನಿಲ್ಲಿಸಿತ್ತು. ಎಲ್ಲ ವೋಟೂ ಎಣಿಸಿ ಅಂತ ಆಗ ಬೀದಿಗಿಳಿದಿದ್ದೇ ಈ ಪಕ್ಷದವರು. ಎಂಟು ವರ್ಷಕ್ಕೆ ಅದೇ ಪಕ್ಷ, ಅದೇ ಜನಕ್ಕೆ, ನಿಮ್ಮ ವೋಟು ಲೆಕ್ಕಕ್ಕಿಲ್ಲ ಅಂದರೆ ಹೊಟ್ಟೆ ಉರಿಯಲ್ವಾ?

ಇಷ್ಟು ಕೇಳಿದರೆ ‘ಎಣಿಸಿಬಿಡಿ, ಮುಗೀತಲ್ಲ’ ಅನ್ನಿಸುತ್ತೆ. ನನಗೂ ಹಾಗೇ ಅನ್ನಿಸುತ್ತೆ. ಆದರೆ ಎರಡನೇ ಪ್ರಶ್ನೆ ಇದೆ. ಅಂದು ಮನೆಯಲ್ಲೇ ಉಳಿದವರ ಕಥೆ ಏನು?

ವೋಟಿಗೆ ಬೆಲೆ ಇಲ್ಲ ಅಂತ ಪಕ್ಷ ತಿಂಗಳುಗಟ್ಟಲೆ ಮೊದಲೇ ಹೇಳಿತ್ತು. ಮುಖ್ಯ ಅಭ್ಯರ್ಥಿಗಳೆಲ್ಲ ಅಲ್ಲಿ ಪ್ರಚಾರ ಮಾಡಲ್ಲ ಅಂತ ಬರೆದುಕೊಟ್ಟಿದ್ದರು. ಮಿಷಿಗನ್ನಿನಲ್ಲಂತೂ ಒಬಾಮಾ, ಎಡ್ವರ್ಡ್ಸ್, ಬೈಡನ್, ರಿಚರ್ಡ್‌ಸನ್ ತಮ್ಮ ಹೆಸರನ್ನೇ ವಾಪಸ್ ತಗೊಂಡಿದ್ದರು. ಮತಪತ್ರದಲ್ಲಿ ಉಳಿದ ದೊಡ್ಡ ಹೆಸರು ಹಿಲರಿ ಒಬ್ಬರದೇ. ಒಬಾಮಾ ಹೆಸರನ್ನು ಕೈಯಲ್ಲಿ ಬರೆದರೂ ಎಣಿಸುತ್ತಿರಲಿಲ್ಲ. ಅವರ ಬೆಂಬಲಿಗರಿಗೆ ಇದ್ದದ್ದು ‘ಯಾರಿಗೂ ಬದ್ಧರಲ್ಲ’ ಎಂಬ ಒಂದು ಖಾನೆ, ಹೆಚ್ಚೂ ಕಡಿಮೆ ನಮ್ಮ ನೋಟಾ ಥರ. ಹಿಲರಿಗೆ ಸುಮಾರು 55 ಶೇಕಡಾ ಬಂತು, ಆ ಹೆಸರಿಲ್ಲದ ಖಾನೆಗೆ ಸುಮಾರು 40. ಎದುರಾಳಿಯೇ ಇಲ್ಲದ ಕಡೆ 40 ಶೇಕಡಾ ಜನ ಯಾರಿಗೂ ಅಲ್ಲದ ಖಾನೆ ಒತ್ತಿದ್ದಾರೆ ಅಂದರೆ ಯೋಚಿಸಿ.

ಪಕ್ಷದ ಮಾತನ್ನು ನಂಬಿ, ಚಳಿಯಲ್ಲಿ ಯಾಕೆ ಹೋಗೋದು ಅಂತ ಮನೆಯಲ್ಲಿ ಕೂತವನು ಸೋಮಾರಿ ಅಲ್ಲ. ಅವನು ನಿಯಮವನ್ನು ನಂಬಿದವನು. ಪ್ರಾಕ್ಟೀಸ್ ಮ್ಯಾಚ್ ಅಂತ ಹೇಳಿ ಆಡಿಸಿ, ಮುಗಿದ ಮೇಲೆ ‘ಇದೇ ಫೈನಲ್’ ಅಂದರೆ ಮ್ಯಾಚಿಗೆ ಬರದೇ ಇದ್ದವನಿಗೆ ಮೋಸ ಆಗಲ್ವಾ? ಹಾಕಿದ ವೋಟು ಎಣಿಸದಿದ್ದರೆ ಒಬ್ಬರಿಗೆ ಅನ್ಯಾಯ, ಎಣಿಸಿದರೆ ಇನ್ನೊಬ್ಬರಿಗೆ. ಮೊದಲನೆಯವರು ಬೋರ್ಡು ಹಿಡಿದು ಕೂಗ್ತಾರೆ, ಕಾಣ್ತಾರೆ. ಎರಡನೆಯವರು ಯಾವ ಪಟ್ಟಿಯಲ್ಲೂ ಇಲ್ಲ, ಅವರ ದನಿಗೆ ದಾಖಲೆಯೇ ಇಲ್ಲ. ಕಾಣದವರ ಅನ್ಯಾಯ ಅನ್ಯಾಯ ಅಲ್ಲ ಅಂತ ಆಗಲ್ಲವಲ್ಲ.

ವೋಟು ಅಂದರೆ ಒತ್ತಿದ ಗುಂಡಿ ಮಾತ್ರ ಅಲ್ಲ ಅನ್ನೋದು ಇಲ್ಲಿ ತಿಳಿಯುತ್ತೆ. ಅದರ ಹಿಂದೆ ಮೂರು ಮಾತು ಇರಬೇಕು: ಇದು ಲೆಕ್ಕಕ್ಕೆ ಬರುತ್ತೆ, ಎಲ್ಲರ ಹೆಸರೂ ಪಟ್ಟಿಯಲ್ಲಿ ಇರುತ್ತೆ, ಈ ಎರಡೂ ಎಲ್ಲರಿಗೂ ಮೊದಲೇ ಗೊತ್ತಿರುತ್ತೆ. ಫ್ಲೋರಿಡಾದಲ್ಲಿ ಎಲ್ಲ ಹೆಸರೂ ಇದ್ದವು, ರಾಜ್ಯದ ಪಕ್ಷದವರು ಬಂದು ವೋಟು ಹಾಕಿ ಅಂತ ಕರೆದಿದ್ದರು. ಅಲ್ಲಿನ ಫಲಿತಾಂಶದಲ್ಲಿ ಜನರ ಮನಸ್ಸು ಒಂದು ಮಟ್ಟಿಗಾದರೂ ಕಾಣುತ್ತೆ. ಮಿಷಿಗನ್ನಿನದು ಹಾಗಲ್ಲ. ಎರಡಕ್ಕೂ ಒಂದೇ ಘೋಷಣೆ ಕೂಗಿದವರು ಈ ವ್ಯತ್ಯಾಸ ಮರೆತರು.

ಮೂರನೇ ವಿಷಯ ಸ್ವಲ್ಪ ಕಹಿ. ಯಾರು ಯಾವಾಗ ಏನು ಹೇಳಿದರು ನೋಡಿ. 2007ರಲ್ಲಿ ಶಿಕ್ಷೆಗೆ ಕೈಯೆತ್ತಿದವರಲ್ಲಿ ಹಿಲರಿ ಅವರ ಸಲಹೆಗಾರ ಹೆರಾಲ್ಡ್ ಇಕ್ಸ್ ಕೂಡ ಇದ್ದರು. ಮಿಷಿಗನ್ ಚುನಾವಣೆ ಯಾವ ಲೆಕ್ಕಕ್ಕೂ ಬರಲ್ಲ ಅನ್ನೋ ಅರ್ಥದ ಮಾತನ್ನು ಹಿಲರಿಯವರೇ ಆ ಅಕ್ಟೋಬರಿನಲ್ಲಿ ರೇಡಿಯೋದಲ್ಲಿ ಆಡಿದ್ದರು. ಕೆಲವೇ ತಿಂಗಳಿಗೆ ಅವರ ಪಾಳಯಕ್ಕೆ ಪ್ರತಿ ವೋಟೂ ಪವಿತ್ರವಾಯಿತು. ಒಬಾಮಾ ಪಾಳಯ ನಿಯಮ ಅಂದರೆ ನಿಯಮ ಅಂತ ಹಿಡಿದು ಕೂತಿತು, ಮಿಷಿಗನ್ನಿನ ಮರುಮತದಾನದ ಪ್ರಸ್ತಾಪಕ್ಕೆ ಆಕ್ಷೇಪ ಎತ್ತಿತು. ನಿಯಮ ಅವರಿಗೆ ಲಾಭದ್ದಾಗಿತ್ತು. ತತ್ವ ಮತ್ತು ಲಾಭ ಯಾವಾಗಲೂ ಒಂದೇ ದಿಕ್ಕಿಗೆ ಕೈ ತೋರಿಸಿದರೆ ಅನುಮಾನ ಪಡಬೇಕು.

ಜಾನ್ ರಾಲ್ಸ್ ಎಂಬ ಅಮೆರಿಕದ ತತ್ವಜ್ಞಾನಿ ಇದಕ್ಕೊಂದು ಪರೀಕ್ಷೆ ಕೊಟ್ಟಿದ್ದಾರೆ. ನೀವು ಯಾರು, ನಿಮಗೆ ಏನು ಲಾಭ ಅನ್ನೋದೇ ಗೊತ್ತಿಲ್ಲದ ಪರದೆಯ ಹಿಂದೆ ನಿಂತು ನಿಯಮ ಮಾಡಿ. ಅದೇ ನ್ಯಾಯ. ನಿಮ್ಮ ಅಭ್ಯರ್ಥಿ ಗೆದ್ದಿದ್ದಾರೋ ಸೋತಿದ್ದಾರೋ ಗೊತ್ತಿಲ್ಲದೇ ಇದ್ದಿದ್ದರೆ ಎಣಿಸಿ ಅಂತಿದ್ರಾ, ಬೇಡ ಅಂತಿದ್ರಾ? ನನಗನ್ನಿಸೋದು, ಆ ಪರದೆಯ ಹಿಂದೆ ಬಹುಪಾಲು ಜನ ಎರಡೂ ಹೇಳ್ತಿರಲಿಲ್ಲ. ‘ಇನ್ನೊಂದು ಸಲ ಸರಿಯಾಗಿ ವೋಟು ಹಾಕಿಸಿ’ ಅಂತಿದ್ದರು. ಮಾರ್ಚಿನಲ್ಲಿ ಆ ಪ್ರಯತ್ನವೂ ನಡೆಯಿತು. ಖರ್ಚು ಯಾರದು, ಅಂಚೆಯಲ್ಲಿ ನಡೆಸಬಹುದಾ, ಯಾರ್‍ಯಾರು ವೋಟು ಹಾಕಬಹುದು ಅಂತ ಎಳೆದಾಡಿ ಎರಡೂ ರಾಜ್ಯಗಳಲ್ಲಿ ಕೈಬಿಟ್ಟರು. ನ್ಯಾಯದ ಬಾಗಿಲು ಮುಚ್ಚಿದ್ದು ಆವತ್ತು.

ಆಮೇಲೆ ಉಳಿದದ್ದು ಪಂಚಾಯಿತಿ. ಮೇ 31ರಂದು ವಾಷಿಂಗ್ಟನ್ನಿನ ಒಂದು ಹೋಟೆಲಿನಲ್ಲಿ ನಿಯಮ ಸಮಿತಿ ಸೇರಿತು. ಹೊರಗೆ, ಒಳಗೆ ಜನರ ಕೂಗಾಟ. ತೀರ್ಪು: ಎಲ್ಲ ಡೆಲಿಗೇಟುಗಳಿಗೂ ಕುರ್ಚಿ, ಆದರೆ ತಲಾ ಅರ್ಧ ವೋಟು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಮಿಷಿಗನ್ನಿನ 128 ಡೆಲಿಗೇಟುಗಳನ್ನು ಹಿಲರಿಗೆ 69, ಒಬಾಮಾಗೆ 59 ಅಂತ ಹಂಚಿದರು. ಈ ಸಂಖ್ಯೆ ಯಾವ ಎಣಿಕೆಯಲ್ಲೂ ಬಂದದ್ದಲ್ಲ. ವೋಟಿನ ಪ್ರಕಾರ ಹೋಗಿದ್ದರೆ 73 ಮತ್ತು 55. ಸಮ ಪಾಲು ಅಂದಿದ್ದರೆ 64, 64. ಎರಡರ ನಡುವೆ ಒಂದು ಅಂದಾಜು ಹಿಡಿದರು, ಅಷ್ಟೇ. ಸದುದ್ದೇಶ ಇರಬಹುದು. ಆದರೆ ಜನ ಹೀಗೆ ವೋಟು ಹಾಕ್ತಿದ್ದರೇನೋ ಅಂತ ಕೋಣೆಯಲ್ಲಿ ಕೂತು ಊಹಿಸುವುದು ಎಣಿಸದೇ ಇರುವುದಕ್ಕಿಂತ ಅಪಾಯದ ದಾರಿ. ಎಣಿಸದೇ ಬಿಟ್ಟರೆ ನನ್ನ ಮಾತು ಕೇಳಲಿಲ್ಲ ಅಂತ ದೂರಬಹುದು. ಊಹಿಸಿ ಬರೆದುಕೊಂಡರೆ ನಾನು ಆಡದ ಮಾತು ನನ್ನ ಬಾಯಲ್ಲಿ ಬರುತ್ತೆ.

ಆಗಸ್ಟಿನಲ್ಲಿ ಡೆನ್ವರ್ ಅಧಿವೇಶನಕ್ಕೆ ಬಂದಾಗ ಎರಡೂ ರಾಜ್ಯಗಳಿಗೆ ಪೂರ್ತಿ ವೋಟು ವಾಪಸ್ ಸಿಕ್ಕಿತು. ಜೂನಿನಲ್ಲೇ ಹಿಲರಿ ಪ್ರಚಾರ ನಿಲ್ಲಿಸಿ ಒಬಾಮಾ ಅಭ್ಯರ್ಥಿ ಅಂತ ಖಚಿತವಾಗಿತ್ತು. ಊಟಕ್ಕಿಲ್ಲದ ಉಪ್ಪಿನಕಾಯಿ.

ಹಾಗಾದರೆ ಸಿಟ್ಟಾದ ಮತದಾರ ಏನು ಮಾಡಬೇಕಿತ್ತು? ಎದುರು ಪಕ್ಷದ ಮೆಕೇನ್‌ಗೆ ವೋಟು ಹಾಕ್ತೀವಿ ಅಂತ ಹಲವರು ಬೆದರಿಸಿದರು. ನವೆಂಬರಿನಲ್ಲಿ ಎರಡೂ ರಾಜ್ಯ ಒಬಾಮಾ ಪಾಲಾದವು. ಸಿಟ್ಟು ಕರಗಿತು ಅಂತ ಇದಕ್ಕೆ ಅರ್ಥ ಹೇಳಬಹುದು. ಅವಮಾನವನ್ನೂ ದೇಶದ ಹಿತವನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವಷ್ಟು ದೊಡ್ಡತನ ಅವರಿಗಿತ್ತು ಅಂತಲೂ ಹೇಳಬಹುದು. ನಾನು ಎರಡನೆಯದನ್ನು ನಂಬ್ತೀನಿ.

ಅವರ ಸಿಟ್ಟು ನ್ಯಾಯದ್ದು, ಅವರು ಕೇಳಿದ ಪರಿಹಾರ ಪೂರ್ತಿ ನ್ಯಾಯದ್ದಲ್ಲ. ಈ ಎರಡನ್ನೂ ಒಟ್ಟಿಗೆ ಹೇಳೋದು ಕಷ್ಟ, ಆದರೂ ಹೇಳಲೇಬೇಕು. ನಿಜವಾದ ತಪ್ಪು ನಡೆದದ್ದು ವೋಟು ಎಣಿಸುವ ದಿನ ಅಲ್ಲ. ನಾಯಕರ ಜಗಳಕ್ಕೆ ಜನರ ವೋಟನ್ನು ದಂಡವಾಗಿ ಕಟ್ಟಿಸಿಕೊಂಡ ದಿನ. ದಂಡ ಹಾಕಲೇಬೇಕಿದ್ದರೆ ದಿನಾಂಕ ಬದಲಿಸಿದವರಿಗೆ, ಅಂದರೆ ಅಧಿವೇಶನದಲ್ಲಿ ವೋಟಿಲ್ಲದೇ ಕೂರುವ ನಾಯಕರಿಗೆ ಹಾಕಬಹುದಿತ್ತು.

ಆಫೀಸಿನ ಸರ್ವೆ, ಅಪಾರ್ಟ್‌ಮೆಂಟ್ ಸಂಘದ ಸಭೆ, ಎಲ್ಲ ಕಡೆ ನಮ್ಮ ಅಭಿಪ್ರಾಯ ಕೇಳ್ತಾರೆ. ಇನ್ನು ಮುಂದೆ ಕೈಯೆತ್ತುವ ಮೊದಲೇ ಒಂದು ಮಾತು ಕೇಳಿ: ಇದು ಲೆಕ್ಕಕ್ಕೆ ಬರುತ್ತಾ, ಬರದೇ ಹೋದರೆ ಉತ್ತರ ಕೊಡೋರು ಯಾರು? ಫಲಿತಾಂಶ ಬಂದ ಮೇಲೆ ಈ ಪ್ರಶ್ನೆ ಕೇಳಿದರೆ, ನೀವು ಸೋತಿದ್ದಕ್ಕೆ ಕೇಳ್ತಿದ್ದೀರಿ ಅಂತಲೇ ಎಲ್ಲರೂ ಅಂದ್ಕೋತಾರೆ.