ಕಾಯುವವರಿಲ್ಲದ ಅಂಗಡಿ

ಪ್ರಾಮಾಣಿಕತೆ ಎಂಬುದು ಮನುಷ್ಯನ ಗುಣವೋ, ಅವನು ಬಾಳುವ ಊರಿನ ಗುಣವೋ? ತರಗತಿಯಲ್ಲಿ ವಚನಕಾರರ ಪಾಠ ಮಾಡುವಾಗ ಈ ಪ್ರಶ್ನೆಯನ್ನು ನಾನು ಹಲವು ಸಲ ಎತ್ತಿದ್ದೇನೆ. ಉತ್ತರವನ್ನೂ ನಾನೇ ಹೇಳಿ, ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಪಾಠ ಮುಗಿಸಿದ್ದೇನೆ. ಪುಸ್ತಕ ಹಿಡಿದು ನಿಂತವನಿಗೆ ಉತ್ತರ ಹೇಳುವುದು ಕಷ್ಟವಲ್ಲ. ಅದೇ ಪ್ರಶ್ನೆ ಒಂದು ಚೀಲ ಸೇಬಿನ ರೂಪದಲ್ಲಿ ನನ್ನ ಕೈಗೇ ಬಂದಾಗ ಏನಾಯಿತೆಂಬುದನ್ನು ಇಲ್ಲಿ ಹೇಳಬೇಕಾಗಿದೆ.

ಕಳೆದ ವರ್ಷ ದಸರೆಯ ರಜೆಯಲ್ಲಿ, ಕೆನಡಾ ದೇಶದ ವಿಕ್ಟೋರಿಯಾ ನಗರದಲ್ಲಿರುವ ಅಕ್ಕನ ಮಗಳ ಮನೆಗೆ ಹೋಗಿದ್ದೆ. ಒಂದು ಶನಿವಾರ ಬೆಳಿಗ್ಗೆ ಅವಳು, "ಮಾಮ, ನಿಮಗೆ ಸಂತೆ ಎಂದರೆ ಇಷ್ಟವಲ್ಲವೆ? ಏಳಿ, ಒಂದು ದ್ವೀಪದ ಸಂತೆ ತೋರಿಸುತ್ತೇನೆ" ಎಂದಳು. ಅವಳು, ಅವಳ ನಾಲ್ಕು ವರ್ಷದ ಮಗ, ನಾನು ಮೂವರೂ ಹೊರಟೆವು. ಸ್ವಾರ್ಟ್ಸ್ ಬೇ ಎಂಬ ರೇವಿನಲ್ಲಿ ಮೋಟಾರು ಸಮೇತ ಹಡಗಿನ ಹೊಟ್ಟೆಯೊಳಗೆ ಹೊಕ್ಕು, ಮೂವತ್ತೈದು ನಿಮಿಷದಲ್ಲಿ ಸಾಲ್ಟ್ ಸ್ಪ್ರಿಂಗ್ ದ್ವೀಪದ ಫಲ್ಫರ್ಡ್ ರೇವಿನಲ್ಲಿ ಇಳಿದೆವು. ವ್ಯಾಂಕೂವರ್ ದ್ವೀಪಕ್ಕೂ ಮುಖ್ಯಭೂಮಿಗೂ ನಡುವಣ ಕಡಲಿನಲ್ಲಿರುವ ಈ ದ್ವೀಪದ ವಿಸ್ತಾರ ಸುಮಾರು 180 ಚದರ ಕಿಲೋಮೀಟರು. 2021ರ ಜನಗಣತಿಯಂತೆ ಜನಸಂಖ್ಯೆ 11,600ರಷ್ಟು. ಸೇತುವೆಯಿಲ್ಲ. ಬರುವವರೂ ಹೋಗುವವರೂ ಸಾಮಾನ್ಯವಾಗಿ ಹಡಗಿನ ಹೊತ್ತನ್ನೇ ಕಾಯಬೇಕು.

ದ್ವೀಪದ ಮುಖ್ಯ ಪಟ್ಟಣದ ಹೆಸರು ಕೇಳಿ ನನಗೆ ಸೋಜಿಗವಾಯಿತು. ಅದು ಗ್ಯಾಂಜಿಸ್, ಎಂದರೆ ನಮ್ಮ ಗಂಗೆ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಈ ಕಡಲಿನಲ್ಲಿದ್ದ ಬ್ರಿಟಿಷ್ ನೌಕಾಪಡೆಯ ಮುಖ್ಯ ಹಡಗಿನ ಹೆಸರು ಅದು. ಆ ಹಡಗನ್ನು ತೇಗದ ಮರದಿಂದ ಕಟ್ಟಿ 1821ರಲ್ಲಿ ನೀರಿಗಿಳಿಸಿದ್ದು ನಮ್ಮ ಮುಂಬಯಿಯ ಹಡಗುಕಟ್ಟೆಯಲ್ಲಿ. ನಮ್ಮ ಕಡೆಯ ಮರವೊಂದು ಹಡಗಾಗಿ ಇಷ್ಟು ದೂರ ಬಂದು, ತಾನು ಅಳಿದು, ಹೆಸರನ್ನು ಮಾತ್ರ ಈ ಊರಿಗೆ ಬಿಟ್ಟುಹೋಗಿದೆ.

ಸಂತೆ ನೆರೆಯುವುದು ಕಡಲ ದಂಡೆಯ ಉದ್ಯಾನದಲ್ಲಿ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಶನಿವಾರ ಶನಿವಾರ. ಅದಕ್ಕೊಂದು ಕಟ್ಟಳೆಯಿದೆ: ಇಲ್ಲಿ ಮಾರುವವನು ದ್ವೀಪದವನೇ ಆಗಿರಬೇಕು, ಮಾರುವ ಪದಾರ್ಥವನ್ನು ತಾನೇ ಬೆಳೆದಿರಬೇಕು, ಇಲ್ಲವೆ ಬೇಯಿಸಿರಬೇಕು, ಇಲ್ಲವೆ ಕೈಯಾರೆ ಮಾಡಿರಬೇಕು. ಬೇರೆ ಕಡೆಯಿಂದ ಸಗಟಿನಲ್ಲಿ ತಂದು ಚಿಲ್ಲರೆಗೆ ಮಾರುವವನಿಗೆ ಜಾಗವಿಲ್ಲ. ರೊಟ್ಟಿಯವಳ ಅಂಗೈಯಲ್ಲಿ ಹಿಟ್ಟಿತ್ತು. ಬೆಳ್ಳುಳ್ಳಿಯವನ ಉಗುರಿನಲ್ಲಿ ಮಣ್ಣಿತ್ತು. ಆಡಿನ ಹಾಲಿನ ಗಿಣ್ಣು, ಜೇನು, ಕುಂಬಾರಿಕೆಯ ಬಟ್ಟಲು, ಎಲ್ಲಕ್ಕಿಂತ ಹೆಚ್ಚಾಗಿ ಸೇಬು. ಒಂದು ಕಾಲದಲ್ಲಿ ಈ ದ್ವೀಪ ಆ ಪ್ರಾಂತದಲ್ಲೆಲ್ಲ ಹಣ್ಣಿಗೆ ಹೆಸರಾಗಿತ್ತಂತೆ. ಆಮೇಲೆ ಒಳನಾಡಿನ ಒಕನಾಗನ್ ಕಣಿವೆಗೆ ನೀರಾವರಿ ಬಂದು, ದೊಡ್ಡ ತೋಟಗಳೆದ್ದು, ದ್ವೀಪದ ವ್ಯಾಪಾರ ಕುಗ್ಗಿತು. ಮರಗಳು ಮಾತ್ರ ಉಳಿದವು. ಈಗಲೂ ಮುನ್ನೂರಕ್ಕೂ ಹೆಚ್ಚು ತಳಿಯ ಸೇಬು ಅಲ್ಲಿ ಬೆಳೆಯುತ್ತದೆ.

ನಾನು ಚೌಕಾಸಿಯ ಮನುಷ್ಯ. ನಮ್ಮೂರ ಸಂತೆಯಲ್ಲಿ ಎರಡು ರೂಪಾಯಿಗಾಗಿ ಸೊಪ್ಪಿನವಳೊಡನೆ ಹತ್ತು ನಿಮಿಷ ವಾದಿಸಿ, ಗೆದ್ದೆನೆಂದು ಮನೆಗೆ ಬಂದವನು. ಇಲ್ಲಿ ಯಾರೂ ಬೆಲೆ ಇಳಿಸಿ ಕೇಳುತ್ತಿರಲಿಲ್ಲ. ಹೇಳಿದ ಬೆಲೆ ಕೊಟ್ಟು, ಮಳೆಯ ವಿಷಯ ನಾಲ್ಕು ಮಾತಾಡಿ ಹೋಗುತ್ತಿದ್ದರು. ಹಣ್ಣಿನ ಮುದುಕನೊಬ್ಬನು ನಾನು ಆರಿಸಿದ್ದರಲ್ಲಿ ಒಂದನ್ನು ತಾನೇ ತೆಗೆದಿಟ್ಟು, ಅದರೊಳಗೆ ಹುಳುವಿರಬಹುದೆಂದು ಹೇಳಿ ಬೇರೆಯದನ್ನು ಹಾಕಿದನು.

ಕಾಫಿ ಕುಡಿಯುತ್ತ ಕುಳಿತಾಗ ನನ್ನೊಳಗಿನ ಮೇಷ್ಟ್ರು ಎದ್ದನು. "ನೋಡಮ್ಮ, ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಇದು ದ್ವೀಪ. ಮೋಸ ಮಾಡಿದವನು ಓಡಿಹೋಗಬೇಕಾದರೂ ಹಡಗು ಬರುವವರೆಗೆ ಕಾಯಬೇಕು. ಮುಂದಿನ ಶನಿವಾರ ಅದೇ ಮುಖವನ್ನು ಮತ್ತೆ ತೋರಿಸಬೇಕು. 2001ರಲ್ಲಿ ಇವರು ದ್ವೀಪಕ್ಕೇ ಬೇರೆಯಾದ ನೋಟುಗಳನ್ನು ಅಚ್ಚುಹಾಕಿಸಿ ಚಲಾವಣೆಗೆ ತಂದರಂತೆ. ಒಬ್ಬರ ಮೇಲೊಬ್ಬರಿಗೆ ಅಷ್ಟು ನಂಬಿಕೆ! ಇದೆಲ್ಲ ಊರು ಚಿಕ್ಕದಾಗಿರುವುದರ ಫಲ. ಇವರನ್ನೇ ಕರೆದುಕೊಂಡು ಹೋಗಿ ನಮ್ಮ ಬೆಂಗಳೂರಿನ ಮಾರುಕಟ್ಟೆಯಲ್ಲಿ ಕೂರಿಸು, ಆರು ತಿಂಗಳಲ್ಲಿ ಹುಳುಕು ಹಣ್ಣನ್ನು ಅಡಿಗೆ ಹಾಕುವುದನ್ನು ಕಲಿಯುತ್ತಾರೆ" ಎಂದೆ.

ಅವಳು ಏನೂ ಹೇಳಲಿಲ್ಲ. ಕಾಫಿ ಮುಗಿದ ಮೇಲೆ ಊರೊಳಗಿನ ಜಪಾನೀ ಮಾದರಿಯ ಒಂದು ಪುಟ್ಟ ತೋಟಕ್ಕೆ ಕರೆದುಕೊಂಡು ಹೋದಳು. ಅದರ ಹೆಸರು 'ಹೈವಾ'. ಆ ಭಾಷೆಯಲ್ಲಿ ಶಾಂತಿ ಎಂದು ಅರ್ಥ. ಈ ದ್ವೀಪದಲ್ಲಿ ಜಪಾನೀ ಮೂಲದ ಬೇಸಾಯಗಾರರ ಕುಟುಂಬಗಳು ಹಲವಿದ್ದವು. 1942ರಲ್ಲಿ, ಮಹಾಯುದ್ಧದ ಕಾಲದಲ್ಲಿ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನೆಲ್ಲ, ಸುಮಾರು 22,000 ಜನರನ್ನು, ಕೆನಡಾ ಸರಕಾರ ಮನೆಬಿಡಿಸಿ ಒಳನಾಡಿಗೆ ಸಾಗಿಸಿತು. 1943ರಿಂದ ಅವರ ಮನೆ ಜಮೀನುಗಳನ್ನು ಅವರ ಒಪ್ಪಿಗೆಯಿಲ್ಲದೆ ಮಾರಿಹಾಕಿತು. ಕ್ಷಮೆ ಕೇಳಿದ್ದು 1988ರಲ್ಲಿ. ದ್ವೀಪದ ಒಂದು ಕುಟುಂಬ 1954ರಲ್ಲಿ ಹಿಂದಿರುಗಿ ಬಂದಾಗ, ತಮ್ಮ ಹಳೆಯ ನೆಲ ಸಿಗದೆ, ಬೇರೆ ನೆಲ ಕೊಂಡು ಮೊದಲಿನಿಂದ ಆರಂಭಿಸಬೇಕಾಯಿತು.

"ಅವರದೂ ಚಿಕ್ಕ ಊರೇ ಮಾಮ. ಎಲ್ಲರಿಗೂ ಎಲ್ಲರ ಮುಖವೂ ಗೊತ್ತಿತ್ತು" ಎಂದಳು.

ಒಪ್ಪತಕ್ಕ ಮಾತು. ಮುಖಪರಿಚಯದಿಂದ ಧರ್ಮ ಹುಟ್ಟುತ್ತದೆ ಎನ್ನುವುದಾದರೆ, ಆ ಪರಿಚಯ ಅಂದು ಎಲ್ಲಿ ಹೋಗಿತ್ತು? ಹಾಗಾದರೆ ಊರಿನ ಗುಣ ಎಂಬ ನನ್ನ ವಾದ ನಿಲ್ಲುವುದಿಲ್ಲ. ಉಳಿಯುವುದು ಮನುಷ್ಯನ ಗುಣ. ಆ ಪಕ್ಷಕ್ಕೆ ಸೇರಿಕೊಂಡರೆ ಆಯಿತೆಂದು ಮನಸ್ಸಿನಲ್ಲೇ ಲೆಕ್ಕ ಹಾಕಿದೆ.

ಹಿಂದಿರುಗುವ ದಾರಿಯಲ್ಲಿ ಹೊಲದ ಬೇಲಿಯ ಪಕ್ಕಕ್ಕೆ ಒಂದು ಮರದ ಗೂಡು ಕಂಡಿತು. ಮೇಲೊಂದು ಮಾಡು, ಕೆಳಗೆ ಹಲಗೆ, ಹಲಗೆಯ ಮೇಲೆ ಸೇಬಿನ ಚೀಲಗಳು. ಮನುಷ್ಯರಿಲ್ಲ. 'ಚೀಲಕ್ಕೆ ಐದು ಡಾಲರು' ಎಂದು ಬರೆದ ಹಲಗೆ, ಬೀಗ ಹಾಕಿದ ಕಬ್ಬಿಣದ ಪೆಟ್ಟಿಗೆ, ಪೆಟ್ಟಿಗೆಯ ಮೇಲೊಂದು ಸೀಳು. ನಮ್ಮ ದೇವಸ್ಥಾನದ ಹುಂಡಿಯಂತೆ. ಇಂಥ ಗೂಡುಗಳು ದ್ವೀಪದ ರಸ್ತೆಗಳಲ್ಲಿ ಬೇಕಾದಷ್ಟಿವೆ. ದೇವರ ಹುಂಡಿಗಾದರೂ ದೇವರ ಕಾವಲು ಇದೆ, ಅದು ಸಾಲದೆಂದು ಆಡಳಿತದವರು ಕ್ಯಾಮರವನ್ನೂ ಇಡುತ್ತಾರೆ. ಇದಕ್ಕೆ ಏನೂ ಇರಲಿಲ್ಲ.

ಮಗು ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿತ್ತು. ಹಡಗಿಗೆ ಹೊತ್ತಾಗಿತ್ತು. "ನಾನೇ ತರುತ್ತೇನೆ" ಎಂದು ಇಳಿದು ಹೋಗಿ ಚೀಲವೊಂದನ್ನು ಎತ್ತಿಕೊಂಡೆ. ಜೇಬಿಗೆ ಕೈಹಾಕಿದರೆ ಇದ್ದದ್ದು ಇಪ್ಪತ್ತು ಡಾಲರಿನ ಒಂದೇ ನೋಟು. ಪೆಟ್ಟಿಗೆ ಹಣ ತೆಗೆದುಕೊಳ್ಳುತ್ತದೆ, ಚಿಲ್ಲರೆ ಕೊಡುವುದಿಲ್ಲ. ಇಪ್ಪತ್ತು ಡಾಲರೆಂದರೆ ನಮ್ಮ 1,200 ರೂಪಾಯಿಗೂ ಮಿಕ್ಕ ಹಣವೆಂದು ತಲೆ ತಾನಾಗಿಯೇ ಗುಣಿಸಿತು. ಅವಳ ಹತ್ತಿರ ಐದು ಡಾಲರು ಇಸಿದುಕೊಂಡು ಬರೋಣವೆಂದು ಚೀಲದೊಡನೆ ಮೋಟಾರಿನ ಕಡೆಗೆ ನಡೆದೆ. ಅವಳು ಗಡಿಯಾರ ನೋಡುತ್ತ, "ಆಯಿತೆ ಮಾಮ?" ಎಂದಳು.

"ಆಯಿತು" ಎಂದೆ.

ಏಕೆ ಹಾಗೆಂದೆನೋ! ಕದಿಯುವ ಯೋಚನೆ ನನಗೆ ಇರಲಿಲ್ಲ. ಇದನ್ನು ಓದುಗರು ನಂಬಬೇಕು. ಅವಸರ, ಸಂಕೋಚ, ಇಷ್ಟು ಹೊತ್ತು ಪಾಠ ಹೇಳಿದವನು ಚಿಲ್ಲರೆಗಾಗಿ ಕೈಚಾಚುವ ಮುಜುಗರ, ಎಲ್ಲ ಸೇರಿ ಮೂರು ಅಕ್ಷರದ ಒಂದು ಮಾತಾಯಿತು. ಗಾಡಿ ಹೊರಟಿತು. ಮರುಗಳಿಗೆಯಲ್ಲೇ ನಿಲ್ಲಿಸು ಎನ್ನಬಹುದಿತ್ತು, ಎನ್ನಲಿಲ್ಲ. ಮೊದಲನೆಯ ತಿರುವು ದಾಟಿದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು.

ಹಡಗಿನಲ್ಲಿ ಮಗು ಎದ್ದಿತು. ಅವಳು ಸೇಬನ್ನು ಹೆಚ್ಚಿ ಹಂಚಿದಳು. ಹುಡುಗ ಒಂದು ಹೋಳನ್ನು ನನ್ನ ಬಾಯಿಯ ಹತ್ತಿರ ಹಿಡಿದು, "ತಿನ್ನು ತಾತ" ಎಂದನು. ತಿಂದೆ. ಒಳ್ಳೆಯ ಹಣ್ಣೇ. ಇಪ್ಪತ್ತು ವರ್ಷಗಳಿಂದ ನಾನು ಹೇಳಿಕೊಂಡು ಬಂದ ಕಥೆಯೊಂದು ಆಗ ನೆನಪಾಯಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರಹೇಳಿದಳು. ಈ ಕಥೆಯಲ್ಲಿ ನಾನು ಯಾವಾಗಲೂ ಲಕ್ಕಮ್ಮನ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದೆ. ಮಾರಯ್ಯನಾದರೂ ಮರಳಿ ಹೋದನಲ್ಲ ಎಂಬುದು ಅಂದಿನವರೆಗೆ ನನಗೆ ದೊಡ್ಡ ಸಂಗತಿಯಾಗಿ ಕಂಡಿರಲಿಲ್ಲ. ಹೆಂಡತಿಯ ಮಾತು ಕೇಳಿ, ಹೊತ್ತು ತಂದದ್ದನ್ನು ಹೊತ್ತುಕೊಂಡು, ಬಂದ ದಾರಿಯಲ್ಲೇ ನಡೆಯುವುದು ಎಷ್ಟು ಕಷ್ಟವೆಂದು ಹಡಗು ದಡ ಬಿಟ್ಟ ಮೇಲೆ ತಿಳಿಯಿತು.

ರಾತ್ರಿ ಊಟವಾದ ಮೇಲೆ ಅವಳಿಗೆ ಹೇಳಿದೆ. ಅವಳು ನಗಲಿಲ್ಲ, ಬೈಯಲಿಲ್ಲ. "ಮುಂದಿನ ಸಲ ಹೋದಾಗ ಹಾಕುತ್ತೇನೆ ಬಿಡಿ ಮಾಮ" ಎಂದಳು.

ವ್ಯವಹಾರ ಬಲ್ಲ ಸ್ನೇಹಿತರೊಬ್ಬರು ಇದನ್ನು ಕೇಳಿ, "ಇದರಲ್ಲಿ ಧರ್ಮಸೂಕ್ಷ್ಮ ಏನು ಬಂತು? ಆ ರೈತ ಕೂಲಿ ಕೊಟ್ಟು ಆಳನ್ನು ಕೂರಿಸಿದರೆ ದಿನಕ್ಕೆ ನೂರಾರು ಡಾಲರು ಖರ್ಚು. ನಿಮ್ಮಂಥವರಿಂದ ಆಗುವ ನಷ್ಟ ಐದು ಹತ್ತು. ಅವನು ಲೆಕ್ಕ ಹಾಕಿಯೇ ಬಿಟ್ಟಿದ್ದಾನೆ" ಎಂದರು. ಇರಬಹುದು. ಆದರೆ ಆ ಲೆಕ್ಕ ಸರಿಹೋಗಬೇಕಾದರೆ ದಾರಿಯಲ್ಲಿ ಹೋಗುವವರಲ್ಲಿ ಹೆಚ್ಚಿನವರು ಹಣ ಹಾಕಲೇಬೇಕು. ಅವರೇಕೆ ಹಾಕುತ್ತಾರೆ? ಅದಕ್ಕೆ ಲೆಕ್ಕದಲ್ಲಿ ಉತ್ತರವಿಲ್ಲ. ನನ್ನ ನಷ್ಟವನ್ನು ಆ ರೈತನೊಬ್ಬನೇ ಹೊರುವುದೂ ಇಲ್ಲ. ನನ್ನ ಹಿಂದೆಯೂ ಮುಂದೆಯೂ ಬಂದು ಹಣ ಹಾಕಿದವರೆಲ್ಲ ಹೊರುತ್ತಾರೆ. ಗೂಡು ಅವರಿಂದ ನಿಂತಿದೆ; ನಾನು ಅವರ ನೆರಳಿನಲ್ಲಿ ಹಣ್ಣು ತಿಂದೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಏನು ಹೇಳೋಣ? ಊರಿನ ಗುಣವೇ ಎಲ್ಲವೂ ಆಗಿದ್ದರೆ ಹಡಗು ಹತ್ತಿ ಹೋಗಿಬಿಡುವ ನನ್ನಂಥ ಪರದೇಶಿಯನ್ನು ಆ ಪೆಟ್ಟಿಗೆ ನಂಬತಕ್ಕದ್ದಲ್ಲ. ಮನುಷ್ಯನ ಗುಣವೇ ಎಲ್ಲವೂ ಆಗಿದ್ದರೆ, ಇಷ್ಟು ಓದಿದ ನಾನು, ಬೇರೆಲ್ಲಿಯೂ ಹಣ ಕೊಡದೆ ಬಂದವನಲ್ಲದ ನಾನು, ಹೀಗೆ ಜಾರತಕ್ಕದ್ದಲ್ಲ. ನನಗೆ ಈಗ ತೋರುವುದಿಷ್ಟು. ಅಂಗಡಿಯಲ್ಲಿ ನಾನು ಹಣ ಕೊಡುವುದು ನನ್ನ ಗುಣವೆಂದು ತಿಳಿದಿದ್ದೆ. ಅದರಲ್ಲಿ ಮುಕ್ಕಾಲು ಪಾಲು ಗಲ್ಲದ ಮೇಲೆ ಕುಳಿತವನ ಕಣ್ಣಿಗೆ ಸೇರಿದ್ದು. ಕಣ್ಣು ತೆಗೆದ ಮೇಲೆ ಉಳಿಯುವ ಕಾಲು ಭಾಗವೇ ನನ್ನದು. ಅದು ಎಷ್ಟಿದೆಯೆಂದು ತಿಳಿಯಬೇಕಾದರೆ ಯಾರಾದರೂ ಮುಂದಾಗಿ ನನ್ನನ್ನು ನಂಬಿ ಅಂಗಡಿ ಬಿಟ್ಟು ಹೋಗಬೇಕು. ಆ ರೈತ ಹಾಗೆ ಬಿಟ್ಟು ಹೋಗಿದ್ದನು. ಗುಣ ಮೊದಲು ಇದ್ದು ಅದರಿಂದ ನಂಬಿಕೆ ಬರುವುದೆಂದು ನಾವು ಹೇಳುತ್ತೇವೆ. ಹಲವು ಸಲ ನಂಬಿಕೆ ಮೊದಲು ಬರುತ್ತದೆ, ಗುಣ ಅದರ ಹಿಂದೆ ಏದುಸಿರು ಬಿಡುತ್ತ ಬರುತ್ತದೆ. ಒಂದೊಂದು ಸಲ ಹಡಗಿಗೆ ಹೊತ್ತಾಯಿತೆಂದು ದಾರಿಯಲ್ಲೇ ನಿಂತುಬಿಡುತ್ತದೆ.

ಈ ಏಪ್ರಿಲಿನಲ್ಲಿ ಸಂತೆ ಮತ್ತೆ ಆರಂಭವಾದಾಗ ಅಕ್ಕನ ಮಗಳು ದ್ವೀಪಕ್ಕೆ ಹೋಗಿದ್ದಳಂತೆ. ಗೂಡಿನಲ್ಲಿ ಆಗ ಸೇಬಿರಲಿಲ್ಲ, ಸೊಪ್ಪಿತ್ತು. ಸೊಪ್ಪಿನ ಬೆಲೆಯ ಜೊತೆಗೆ ನನ್ನ ಐದು ಡಾಲರನ್ನೂ ಹಾಕಿದೆನೆಂದು ತಿಳಿಸಿದಳು. ಆ ಹಣವನ್ನು ನಾನು ಅವಳಿಗೆ ಕಳಿಸಿದ್ದೇನೆ. ಪೆಟ್ಟಿಗೆಯ ಬಾಕಿ ತೀರಿತು. ಅವಳಿಗೆ ಹೇಳಿದ "ಆಯಿತು" ಎಂಬ ಮಾತನ್ನು ಯಾವ ಸೀಳಿನಲ್ಲಿ ಹಾಕಿ ತೀರಿಸುವುದೋ ಕಾಣೆ.

ಮೊನ್ನೆ ತರಗತಿಯಲ್ಲಿ ಲಕ್ಕಮ್ಮನ ಪಾಠ ಮತ್ತೆ ಬಂತು. ಹುಡುಗನೊಬ್ಬನು ಎದ್ದು, "ಸರ್, ಮಾರಯ್ಯ ಹೆಚ್ಚು ತಂದದ್ದೇಕೆ?" ಎಂದು ಕೇಳಿದನು. ಹಿಂದೆ ಯಾರೂ ಕೇಳಿರಲಿಲ್ಲ. ಕೇಳಿದ್ದರೆ ಥಟ್ಟನೆ ಉತ್ತರ ಹೇಳಿಬಿಡುತ್ತಿದ್ದೆ. ಅಂದು ನಾನು ಯೋಚಿಸುತ್ತ ನಿಂತಿರುವಾಗಲೇ ಗಂಟೆ ಹೊಡೆಯಿತು.