ಯಾರ ತೇವ ಅಳೀತೀವಿ?

ಹೋದ ಬೇಸಿಗೆಯಲ್ಲಿ ಟೀಮಿನ ಹಿರಿಯರೊಬ್ಬರು ಮನೆಗೆ ಕರೆದಿದ್ದರು. ಅವರಿಗೆ ಸಿಗಾರಿನ ಶೋಕಿ. ಹಾಲ್‌ನ ಮೂಲೆಯಲ್ಲಿ ಆಳೆತ್ತರದ, ಗಾಜಿನ ಬಾಗಿಲಿನ ಕ್ಯಾಬಿನೆಟ್. ಒಳಗೆ ಸ್ಪ್ಯಾನಿಷ್ ಸೀಡರ್ ಮರದ ತಟ್ಟೆಗಳು, ಅವುಗಳ ತುಂಬ ಕ್ಯೂಬಾ, ನಿಕರಾಗುವಾದ ಸಿಗಾರುಗಳು. "ಮೇಲಿನ ತಟ್ಟೇಲಿ ಒಣಗ್ತವೆ, ಕೆಳಗಿನದ್ರಲ್ಲಿ ಬೂಷ್ಟು ಹಿಡೀತವೆ. ನೀನು ಸೆನ್ಸರ್ ಗಿನ್ಸರ್ ಅಂತ ಏನೇನೋ ಮಾಡ್ತಿರ್ತೀಯಲ್ಲ, ಸ್ವಲ್ಪ ನೋಡಪ್ಪ" ಅಂದರು. ಬಗೆಹರಿಯೋ ಥರದ ಸಮಸ್ಯೆ ಕಂಡರೆ ನಮ್ಮಂಥವರಿಗೆ ಖುಷಿ. ಒಪ್ಕೊಂಡೆ.

ಸಿಗಾರಿಗೆ ಬೇಕಾದ್ದು ಸುಮಾರು 65ರಿಂದ 70 ಪರ್ಸೆಂಟ್ ತೇವಾಂಶ. ಕಡಿಮೆಯಾದರೆ ಹೊರಗಿನ ಎಲೆ ಬಿರುಕು ಬಿಡುತ್ತೆ, ಹೆಚ್ಚಾದರೆ ಬೂಷ್ಟು. ಮೊದಲು ಅಳೆಯುವ ಸೆನ್ಸರನ್ನೇ ಪರೀಕ್ಷೆ ಮಾಡಿದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕೆಸರಾಗುವಷ್ಟೇ ನೀರು ಬೆರೆಸಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಒಳಗಿನ ತೇವ 75ಕ್ಕೆ ನಿಲ್ಲುತ್ತೆ. ತಪ್ಪು ತೋರಿಸುತ್ತಿದ್ದ ಒಂದನ್ನು ಸರಿಮಾಡಿ, ಕ್ಯಾಬಿನೆಟ್ಟಿನಲ್ಲಿ ಮೇಲೊಂದು ಕೆಳಗೊಂದು ಇಟ್ಟೆ. ಮೇಲೆ 61, ಕೆಳಗೆ 73.

ನೀರಿನ ಕೊರತೆ ಇರಲಿಲ್ಲ. ಗಾಳಿಯಲ್ಲಿ ನೀರಾವಿ ಎಲ್ಲೆಡೆ ಒಂದೇ ಇದ್ದರೂ, ಬಿಸಿಯಿರುವ ಕಡೆ ಈ ಪರ್ಸೆಂಟ್ ಇಳಿಯುತ್ತೆ, ತಣ್ಣಗಿರುವ ಕಡೆ ಏರುತ್ತೆ. ಮೂರು ಡಿಗ್ರಿ ವ್ಯತ್ಯಾಸವಿದ್ದರೆ ಸಾಕು, ಹತ್ತು ಪಾಯಿಂಟಿಗೂ ಹೆಚ್ಚು ಏರುಪೇರು. ಮೇಲುಗಡೆ ಅಲಂಕಾರದ ದೀಪ ಉರೀತಿತ್ತು, ತೇವ ಕೊಡುವ ಪೊಟ್ಟಣಗಳೆಲ್ಲ ತಳದಲ್ಲೇ ಇದ್ದವು. ದೀಪ ತೆಗೆಸಿದೆ. ಪೊಟ್ಟಣಗಳನ್ನು ಎಲ್ಲ ತಟ್ಟೆಗೂ ಹಂಚಿದೆ. ಸಿಗಾರುಗಳ ನಡುವೆ ಗಾಳಿಗೆ ದಾರಿ ಬಿಟ್ಟು, ಹಿಂದೆ ಕಂಪ್ಯೂಟರಿನ ಪುಟ್ಟ ಫ್ಯಾನೊಂದನ್ನು ಆಗಾಗ ತಿರುಗುವ ಹಾಗೆ ಕೂರಿಸಿದೆ. ಎರಡು ವಾರದಲ್ಲಿ ವ್ಯತ್ಯಾಸ ಎರಡು ಪಾಯಿಂಟಿಗೆ ಇಳಿಯಿತು. ಫೋನಿನಲ್ಲಿ ಆ ನೇರವಾದ ಗೆರೆ ನೋಡಿ, ಸುಳ್ಳು ಯಾಕೆ, ಬಹಳ ಹೆಮ್ಮೆ ಆಯ್ತು.

ಆ ಹೆಮ್ಮೆಯಲ್ಲೇ ಅಪ್ಪ ನೆನಪಾದ. ನಾನು ಹುಣಸೂರು ಕಡೆಯ ಹಳ್ಳಿಯವನು. ನಮ್ಮದು ಹೊಗೆಸೊಪ್ಪು ಬೆಳೆಯುವ ಮನೆ. ಬ್ಯಾರನ್‌ನಲ್ಲಿ ಸೊಪ್ಪು ಬೇಯಿಸುವ ಐದಾರು ದಿನ ಅಪ್ಪನಿಗೆ ನಿದ್ದೆಯಿಲ್ಲ. ಮೊದಲು ಎಲೆ ಹಳದಿ ತಿರುಗೋವರೆಗೆ ಬೆಚ್ಚಗೆ, ತೇವವಾಗಿ ಇಡಬೇಕು. ಆಮೇಲೆ ಹಂತಹಂತವಾಗಿ ಬೆಂಕಿ ಏರಿಸಿ ಎಲೆ, ಕೊನೆಗೆ ಅದರ ನರ ಒಣಗಿಸಬೇಕು. ಎಲ್ಲ ಮುಗಿದ ಮೇಲೆ ಬಾಗಿಲು ತೆಗೆದು ತಂಪು ಗಾಳಿ ಬಿಡಬೇಕು, ಇಲ್ಲದಿದ್ದರೆ ಮುಟ್ಟಿದರೆ ಪುಡಿ. "ಹದ ಬಂದೈತಾ ನೋಡ್ಲಾ" ಅಂತ ನನ್ನ ಕೈಗೊಂದು ಎಲೆ ಕೊಡ್ತಿದ್ದ. ಅದು ಸಿಗರೇಟಿಗೆ ಹೋಗುವ ಸೊಪ್ಪು. ಸಿಗಾರಿನ ಎಲೆಯನ್ನು ಬೆಂಕಿಯಿಲ್ಲದೆ ಗಾಳಿಯಲ್ಲೇ ಒಣಗಿಸ್ತಾರೆ. ಆದರೂ ಎರಡಕ್ಕೂ ಬೇಕಾದ್ದು ಅದೇ ಹದ, ಅದೇ ಕಾವಲು.

ಮಳೆಗೆ ನೆನೆದ ಸೊಪ್ಪು ಮುರಿದ ದಿನ ಸಂಜೆ ಅವ್ವ ವಾಂತಿ ಮಾಡ್ತಿದ್ದಳು. ತಲೆ ಸುತ್ತಿ ಜಗಲಿ ಮೇಲೆ ಮಲಗಿಬಿಡ್ತಿದ್ದಳು. ಪಿತ್ತ ಅಂದ್ಕೊಂಡಿದ್ವಿ. ಎಷ್ಟೋ ವರ್ಷದ ಮೇಲೆ ಓದಿದೆ: ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈ ಸೇರುತ್ತೆ. ಗ್ರೀನ್ ಟೊಬ್ಯಾಕೊ ಸಿಕ್‌ನೆಸ್ ಅಂತ ಅದಕ್ಕೆ ಹೆಸರೂ ಇದೆ. ಗ್ಲೌಸು, ನೀರು ಇಳಿಯದ ಮೇಲಂಗಿ, ಎಲೆಯ ನೀರು ಆರಿದ ಮೇಲೆ ಕೆಲಸಕ್ಕಿಳಿಯೋದು, ಇಷ್ಟಿದ್ದರೆ ಬಹಳಷ್ಟು ತಪ್ಪುತ್ತಿತ್ತು. ನಮ್ಮ ಮನೆಯಲ್ಲಿ ಎಲೆಯ ತೇವ ನೋಡೋಕೆ ರಾತ್ರಿಯಿಡೀ ಎದ್ದಿರುವವರಿದ್ದರು. ಅವ್ವನ ಒದ್ದೆ ಸೀರೆಯನ್ನು ಯಾರೂ ನೋಡಲಿಲ್ಲ, ನಾನೂ.

ಹಾಗಂತ ಸಿಗಾರಿನ ಕಪಾಟನ್ನು ಬೈದು ಒಳ್ಳೆಯವನಾಗೋಕೆ ನನಗೆ ಹಕ್ಕಿಲ್ಲ. ಯಾರದೋ ಶ್ವಾಸಕೋಶಕ್ಕೆ ಹೋಗುವ ಆ ಸೊಪ್ಪಿನ ದುಡ್ಡಿನಲ್ಲೇ ನನ್ನ ಬಿಇ ಮುಗಿದಿದ್ದು. ಆ ಫ್ಯಾನು ಕೂರಿಸಲ್ಲ ಅಂದಿದ್ದರೆ ಅವ್ವನಿಗೇನೂ ಸಿಗ್ತಿರಲಿಲ್ಲ. ನನ್ನ ತಕರಾರು ಬೇರೆ. ಕೆಲಸ ಅಚ್ಚುಕಟ್ಟಾಗಿ ಮಾಡೋದೇ ಒಂದು ಒಳ್ಳೇತನ ಅಂತ ನಾವು ನಂಬಿದ್ದೀವಿ. ಆದರೆ ಅಚ್ಚುಕಟ್ಟುತನಕ್ಕೆ ಕಣ್ಣಿಲ್ಲ. ಎಲ್ಲಿಟ್ಟರೆ ಅಲ್ಲೇ ನಿಷ್ಠೆಯಿಂದ ದುಡಿಯುತ್ತೆ. ಆಫೀಸಿನಲ್ಲಿ ಸರ್ವರ್ ಎಷ್ಟು ಮಿಲಿಸೆಕೆಂಡು ತಗೊಳ್ತು ಅನ್ನೋ ಗ್ರಾಫ್ ಇದೆ. ಮೂರು ರಾತ್ರಿ ಎದ್ದು ಅದನ್ನು ಸರಿಮಾಡಿದ ಹುಡುಗಿಯ ನಿದ್ದೆಗೆ ಗ್ರಾಫ್ ಇಲ್ಲ. ಸೆನ್ಸರ್ ಎಲ್ಲಿಡಬೇಕು ಅನ್ನೋ ತೀರ್ಮಾನ ಬರೀ ಟೆಕ್ನಿಕಲ್ ಅಂದ್ಕೊಂಡಿದ್ದೇ ನನ್ನ ತಪ್ಪು. ಅಳೆಯದೇ ಬಿಟ್ಟದ್ದು ನಮ್ಮ ಕಣ್ಣಿಗೆ ಇಲ್ಲವೇ ಇಲ್ಲ.

ಮೊನ್ನೆ ಊರಿಗೆ ಗ್ಲೌಸು, ರೇನ್‌ಕೋಟು ತಗೊಂಡು ಹೋಗಿ ಕೊಟ್ಟೆ. ಅವ್ವ ಒಂದು ಗಂಟೆ ಹಾಕ್ಕೊಂಡು ತೆಗೆದಿಟ್ಟಳು. "ಕೈಗೆ ಎಲೆನೇ ಗೊತ್ತಾಗಕ್ಕಿಲ್ಲ ಕಣಪ್ಪ" ಅಂದಳು.

ಸಿಗಾರಿಗೆ ಎರಡು ವಾರ ಕೊಟ್ಟಿದ್ದೆ. ತೆಳುವಾದ ಗ್ಲೌಸು ಹುಡುಕ್ತಾ ಇದ್ದೀನಿ.